ಕಂದೀಲಿನ ಗಾಜಿನೊಳಗಿನ ಪೈಲ್ವಾನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಬ್ಬ ಪೈಲ್ವಾನನಿದ್ದ. ಎಂಟು ಕಾಲು, ಕಪ್ಪು ಮೈಮೇಲೆ ಬಿಳಿ ಪಟ್ಟೆ, ಗಾತ್ರ ಒಂದು ತೊಗರಿ ಕಾಳಿನಷ್ಟು. ನಗಬೇಡಿ. ಅವನು ಜಿಗಿಯುವ ಜೇಡ. ಇಡೀ ಜೋರಾಪುರ ಪೇಟೆಯಲ್ಲಿ ಜೇಡ ಸಾಕಿದ ಮೊದಲ ಹುಡುಗಿ ನಾನೇ. ಎರಡನೆಯವಳು ಯಾರೂ ಇರಲಿಲ್ಲ, ಆ ಮಾತು ಬೇರೆ.

ನಮ್ಮದು ದಪ್ಪ ಗೋಡೆಯ ಮಾಳಿಗೆ ಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಬೆಲ್ಲದ ಅಂಗಡಿ, ಹಿಂದಿನ ಪಡಸಾಲೆಯಲ್ಲಿ ನಮ್ಮ ಸಂಸಾರ. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಅಕ್ಕ, ನಾನು, ಇಷ್ಟೇ ಜನ. ಬೆಲ್ಲದ ವಾಸನೆ ನಮ್ಮ ಬಟ್ಟೆಗೆ, ಕೂದಲಿಗೆ, ಸಾಲೆಯ ಚೀಲಕ್ಕೆ ಎಲ್ಲಕ್ಕೂ ಹತ್ತಿರುತ್ತಿತ್ತು. ಬೇಸಿಗೆ ಬಂತೆಂದರೆ ಬೆಲ್ಲದ ಪೆಂಟೆಗಳು, ಅಂದರೆ ದೊಡ್ಡ ಅಚ್ಚುಗಳು, ಬೆವತು ಜಿನುಗುತ್ತಿದ್ದವು, ನೊಣಗಳು ಎಲ್ಲಿದ್ದವೋ ಎಲ್ಲಿಲ್ಲವೋ ಒಟ್ಟಾಗಿ ನಮ್ಮಲ್ಲಿಗೇ ಬರುತ್ತಿದ್ದವು. ಅಪ್ಪ ಒಂದು ಕೈಯಲ್ಲಿ ತೂಗುತ್ತಿದ್ದ, ಇನ್ನೊಂದು ಕೈಯಲ್ಲಿ ಟವಲ್ ಬೀಸುತ್ತಿದ್ದ.

ಪೈಲ್ವಾನ ನನಗೆ ಸಿಕ್ಕಿದ್ದು ಒಂದು ಬೆಲ್ಲದ ಪೆಂಟೆಯ ಮೇಲೆ. ತನಗಿಂತ ದೊಡ್ಡ ನೊಣವೊಂದರ ಹಿಂದೆ ಹೊಂಚು ಹಾಕಿ ಕೂತಿದ್ದ. ಒಂದು ಹೆಜ್ಜೆ ಇಡುವುದು, ನಿಲ್ಲುವುದು. ಮತ್ತೊಂದು ಹೆಜ್ಜೆ, ಮತ್ತೆ ನಿಲ್ಲುವುದು. ಆಮೇಲೆ ಒಂದೇ ನೆಗೆತ, ನೊಣ ಅವನ ಬಾಯಲ್ಲಿ! ಬಲೆ ಕಟ್ಟಿ, ಯಾರಾದರೂ ಬಂದು ಬೀಳಲಿ ಎಂದು ಕಾಯುವ ಜೇಡ ಅಲ್ಲ ಇದು. ನನಗೆ ಎಷ್ಟು ಮೆಚ್ಚುಗೆಯಾಯಿತೆಂದರೆ, ಅಪ್ಪ ಕರೆದಿದ್ದೂ ಕೇಳಿಸಲಿಲ್ಲ.

ಅವನಿಗೆ ಮನೆ ಮಾಡಿಕೊಟ್ಟವಳು ಅಕ್ಕ. ಕಂದೀಲಿನ ಹಳೆಯ ಗಾಜೊಂದು ಅಂಚು ಮುಕ್ಕಾಗಿ ಮೂಲೆಯಲ್ಲಿತ್ತು. ಅದನ್ನು ತೊಳೆದು, ಎರಡೂ ಬಾಯಿಗೆ ಅಪ್ಪನ ಹರಿದ ಧೋತರದ ಬಟ್ಟೆ ಕಟ್ಟಿದೆವು. ಒಳಗೆ ಒಂದು ಒಣಕಡ್ಡಿ, ನೀರಲ್ಲಿ ಅದ್ದಿದ ಹತ್ತಿಯ ಚೂರು. ಗಾಜಿಗೆ ಬೆರಳಿಟ್ಟರೆ ಅವನು ಗಕ್ಕನೆ ನನ್ನ ಕಡೆ ತಿರುಗಿ ಮುಂದಿನ ಎರಡು ಕಾಲು ಮೇಲೆತ್ತುತ್ತಿದ್ದ. ‘ಅಯ್ಯ, ಕುಸ್ತಿಗಿ ಕರಿಯಾಕತ್ತಾನ ನೋಡಬೇ! ಥೇಟ್ ಪೈಲ್ವಾನ!’ ಎಂದು ಅಕ್ಕ ನಕ್ಕಳು. ಹೆಸರು ಅಲ್ಲೇ ಅಂಟಿಕೊಂಡಿತು. ದಿನಾ ಅಂಗಡಿಯಲ್ಲಿ ಅಂಗೈ ಬೊಗಸೆ ಮಾಡಿ ನೊಣ ಹಿಡಿದು ತರುವ ಕೆಲಸ ನನ್ನದು. ಓಣಿಯ ಗಂಡು ಹುಡುಗರಿಗೂ ನನ್ನಷ್ಟು ಚುರುಕಾಗಿ ನೊಣ ಹಿಡಿಯಲು ಬರುತ್ತಿರಲಿಲ್ಲ, ಹೇಳಿಬಿಡುತ್ತೇನೆ.

ಅಜ್ಜಿಗೆ ಮಾತ್ರ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಮೈಮೇಲೆ ಎಲ್ಲಿ ನೀರುಗುಳ್ಳೆ ಎದ್ದರೂ ಜೇಡ ಉಚ್ಚೆ ಹೊಯ್ದಿದೆ ಎಂದು ಹೇಳುವ ಕಾಲ ಅದು. ಅಜ್ಜಿ ಒಬ್ಬಳೇ ಅಲ್ಲ, ಓಣಿಯಲ್ಲಿ ಎಲ್ಲರೂ ಹಾಗೆಯೇ ನಂಬಿದ್ದರು. ‘ಹುಚ್ಚಿ, ಮಂದಿ ಗಿಣಿ ಸಾಕ್ತಾರ, ಮಲ ಸಾಕ್ತಾರ. ನೀ ಜ್ಯಾಡ ಸಾಕೀಯಲ್ಲ! ಒಂದಿನ ಯಾರಿಗರ ಉಚ್ಚಿ ಹೊಯ್ತೈತಿ, ಅವತ್ತ ಐತಿ ನಿಂದು’ ಎಂದು ಗಾಜಿನ ಮುಂದೆ ಹಾಯುವಾಗಲೆಲ್ಲ ಅನ್ನುತ್ತಿದ್ದಳು. ಮಲ ಎಂದರೆ ನಮ್ಮ ಕಡೆ ಮೊಲ. ಅಕ್ಕ ನನ್ನ ಕಿವಿಯಲ್ಲಿ, ‘ಸುಮ್ನಿರು, ನಾ ಅದೀನಿ’ ಅನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ನಾನು ಪೇಟೆಗೇ ರಾಣಿಯಂತೆ ತಿರುಗುತ್ತಿದ್ದೆ.

ಆಗ ಲಗ್ನಸರಾಯಿ, ಅಂದರೆ ಮದುವೆಗಳ ಕಾಲ, ನಡೆದಿತ್ತು. ಟಿಕೋಟಾದಲ್ಲಿ ಅಪ್ಪನ ತಂಗಿಯ ಮನೆಯಲ್ಲಿ ಮದುವೆ. ಮದುವೆಯೆಂದರೆ ಆಗ ಹಾಸಿಗೆ, ಜಮಖಾನೆ, ತಲೆದಿಂಬು ಎಲ್ಲವನ್ನೂ ನೆಂಟರ ಮನೆಗಳಿಂದ ತರಿಸುತ್ತಿದ್ದರು. ಮದುವೆ ಮುಗಿದ ಮೇಲೆ ಯಾರದು ಯಾವುದು ಎಂದು ಜಗಳವಾಗಬಾರದಲ್ಲ, ಅದಕ್ಕೆ ಪ್ರತಿ ಮನೆಯವರೂ ತಮ್ಮ ತಮ್ಮ ಗುರುತು ಹಾಕುತ್ತಿದ್ದರು. ಕೇರುಬೀಜ ಎಂಬ ಕರಿ ಬೀಜ ಇರುತ್ತದೆ. ಅದನ್ನು ಸೂಜಿಯಿಂದ ಚುಚ್ಚಿದರೆ ರಸ ಬರುತ್ತದೆ. ಆ ರಸದಲ್ಲಿ ಬಟ್ಟೆಯ ಮೇಲೆ ಬರೆದರೆ ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ನಮ್ಮ ಮನೆಯ ಗುರುತು ಎರಡು ಅಡ್ಡಗೆರೆ, ನಡುವೆ ಒಂದು ಚುಕ್ಕೆ. ಅದನ್ನು ಹಾಕುವ ಹಕ್ಕು ಅಜ್ಜಿಗೆ ಬಿಟ್ಟರೆ ಬೇರೆ ಯಾರಿಗೂ ಇರಲಿಲ್ಲ. ಬೆರಳಿಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡು, ಬೀಜ ಹಿಡಿದು, ಉಸಿರು ಬಿಗಿಹಿಡಿದು ಬರೆಯುತ್ತಿದ್ದಳು. ಆ ಸಲದ ಮದುವೆಗೆಂದು ಅವ್ವ ಹೊಸ ತಲೆದಿಂಬುಗಳನ್ನು ಹೊಲಿದಿದ್ದಳು, ಅಜ್ಜಿ ಅವಸರದಲ್ಲಿ ಎಲ್ಲಕ್ಕೂ ಗುರುತು ಹಾಕಿ ಮೂಲೆಯಲ್ಲಿ ಒಟ್ಟಿದ್ದಳು. ಸಂಜೆಗೆ ಟಿಕೋಟಾದ ಚಕ್ಕಡಿ ಬಂದು ಅವನ್ನು ಒಯ್ಯುವುದಿತ್ತು.

ಆ ದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದೇ ಅಕ್ಕನ ಅಳು. ಎಡಗೆನ್ನೆ ಕೆಂಪಾಗಿ ಊದಿಕೊಂಡಿತ್ತು, ಅದರ ಮೇಲೆ ನೀರು ತುಂಬಿದ ಗುಳ್ಳೆಗಳು ಎದ್ದಿದ್ದವು. ಕನ್ನಡಿ ಹಿಡಿದುಕೊಂಡು ‘ಉರೀತೈತಿ, ಉರೀತೈತಿ’ ಎಂದು ಕೂಗುತ್ತಿದ್ದಳು. ಅವ್ವ ಒದ್ದೆ ಬಟ್ಟೆ ತಂದಳು. ಅಪ್ಪ ಅಂಗಡಿಯ ಬಾಗಿಲು ಅರ್ಧ ತೆಗೆದವನು ಹಾಗೇ ಓಡಿ ಬಂದ.

ಅಜ್ಜಿ ಅಕ್ಕನ ಕೆನ್ನೆ ನೋಡಿದಳು, ಆಮೇಲೆ ನಿಧಾನವಾಗಿ ತಿರುಗಿ ಗೋಡೆಯ ಗೂಡಿನಲ್ಲಿದ್ದ ಕಂದೀಲಿನ ಗಾಜು ನೋಡಿದಳು. ‘ನಾ ಏನ ಹೇಳಿದ್ದೆ? ಉಚ್ಚಿ ಹೊಯ್ದೈತಿ! ಆ ಹುಳಾನ ಹೊಯ್ದೈತಿ! ಮೊದಲ ಅದನ್ನ ಚಪ್ಪಲಿಲೆ ಹೊಸಕಿ ಒಗೀರಿ’ ಎಂದಳು.

ಗಾಜಿಗೆ ಕಟ್ಟಿದ ಬಟ್ಟೆ ಬಿಚ್ಚಿಲ್ಲ, ಗಂಟು ನಾನು ಹಾಕಿದ ಹಾಗೆಯೇ ಇದೆ, ಪೈಲ್ವಾನ ಒಳಗೇ ಕೂತಿದ್ದಾನೆ ಎಂದು ನಾನು ಎಲ್ಲರಿಗೂ ತೋರಿಸಿದೆ. ಯಾರು ಕೇಳುತ್ತಾರೆ? ಅಂಥ ಹುಳಕ್ಕೆ ಒಂದು ಸಂದು ಸಾಕು, ರಾತ್ರಿ ಹೊರಗೆ ಬಂದು ತಿರುಗಿ ಒಳಗೆ ಹೋಗಿರುತ್ತದೆ ಎಂದಳು ಅಜ್ಜಿ. ನಾನು ಅಕ್ಕನ ಕಡೆ ನೋಡಿದೆ. ಅವಳಾದರೂ ನನ್ನ ಪರ ಮಾತಾಡುತ್ತಾಳೆ ಎಂದು ಕಾದೆ. ಅಕ್ಕ ಮುಖ ತಿರುಗಿಸಿಕೊಂಡು, ‘ಒಗದಬಿಡಬೇ ಅದನ್ನ. ನನ್ನ ಮಾರಿ ನೋಡು ಹೆಂಗ ಮಾಡೇತಿ!’ ಎಂದು ಬಿಕ್ಕಿದಳು. ಆ ಮಾತು ನನಗೆ ಎಷ್ಟು ಹತ್ತಿತೆಂದರೆ, ಅಜ್ಜಿ ನೂರು ಸಲ ಬೈದಿದ್ದರೂ ಅಷ್ಟು ಹತ್ತುತ್ತಿರಲಿಲ್ಲ.

ಅಜ್ಜಿ ಆಗಲೇ ಚಪ್ಪಲಿ ಕೈಗೆ ತೆಗೆದುಕೊಂಡಿದ್ದಳು. ನನಗೆ ಎಲ್ಲಿಂದ ಧೈರ್ಯ ಬಂತೋ. ಗಾಜನ್ನು ಎದೆಗೆ ಅವಚಿಕೊಂಡು ಗೋಡೆಗೆ ಆತು ನಿಂತೆ. ‘ಯಪ್ಪಾ, ಇದನ್ನ ನನ್ನ ತೋಳಿಗಿ ಕಟ್ಟು. ಸಂಜೀತನಕ ನನ್ನ ಮೈಮ್ಯಾಲ ಇರಲಿ. ಒಂದ ಗುಳ್ಳಿ ಎದ್ರೂ ನಾನ ನನ್ನ ಕೈಯಾರೆ ಕೊಲ್ತೀನಿ. ಏಳಲಿಲ್ಲಂದ್ರ ಅಜ್ಜಿ ಇದರ ಸುದ್ದಿಗಿ ಬರಬಾರದು’ ಎಂದೆ.

ಅವ್ವ ಹಣೆ ಚಚ್ಚಿಕೊಂಡಳು. ಅಪ್ಪನದು ಒಂದು ಸ್ವಭಾವ ಇತ್ತು, ತಕ್ಕಡಿಗೆ ಹಾಕದೆ ಯಾವುದನ್ನೂ ಇಷ್ಟೇ ಭಾರ ಎಂದು ಒಪ್ಪುತ್ತಿರಲಿಲ್ಲ. ‘ಆತು. ಟಿಕೋಟಾದ ಚಕ್ಕಡಿ ಬರೂತನಕ ನೋಡೂನು’ ಎಂದ. ಗಾಜಿನ ಒಂದು ಬಾಯಿಯ ಬಟ್ಟೆ ಬಿಚ್ಚಿ, ಆ ಬಾಯಿಯನ್ನು ನನ್ನ ಮುಂಗೈಯ ಮೇಲೆ ಒತ್ತಿಟ್ಟು, ಸುತ್ತಲೂ ಟವಲ್ ಬಿಗಿದು ಕಟ್ಟಿದ.

ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಸುದ್ದಿ ಓಣಿ ತುಂಬ ಹಬ್ಬಲು ಎಷ್ಟು ಹೊತ್ತು ಬೇಕು? ಹೆಂಗಸರು ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡೇ ನಿಂತು ನೋಡಿದರು. ಪಕ್ಕದ ಮನೆಯ ಖಾಲಾ ಗಾಜಿನೊಳಗೆ ಬಗ್ಗಿ ನೋಡಿ, ‘ಯಾ ಅಲ್ಲಾ, ಈ ಪೋರಿಗಿ ಹೆದರಿಕಿ ಅನ್ನೂದ ಇಲ್ಲ ನೋಡ್ರಿ!’ ಎಂದು ಗಲ್ಲಕ್ಕೆ ಕೈ ಹಚ್ಚಿಕೊಂಡಳು. ನಾನು ಇನ್ನಷ್ಟು ನೆಟ್ಟಗೆ ಕೂತೆ. ಗಾಜಿನೊಳಗೆ ಪೈಲ್ವಾನ ಮೊದಲು ಕಡ್ಡಿಯ ಮೇಲೆಯೇ ಇದ್ದ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ನನ್ನ ತೋಳಿಗೆ ಇಳಿದ. ಅವನ ಕಾಲು ತಾಗಿದ್ದು ಗೊತ್ತೇ ಆಗುತ್ತಿರಲಿಲ್ಲ, ಎಳೆ ಹತ್ತಿ ಸೋಕಿದ ಹಾಗೆ. ನಡೆಯುವಾಗ ಹಿಂದೆ ಒಂದು ನೂಲು ಬಿಡುತ್ತ ಹೋಗುತ್ತಿದ್ದ. ಬಿಸಿಲಲ್ಲಿ ಅದು ನನ್ನ ತೋಳಿನ ರೋಮದ ನಡುವೆ ಮಿಂಚುತ್ತಿತ್ತು.

ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೇಡದ ಹೆದರಿಕೆಯಲ್ಲ, ತುರಿಕೆಯ ಹೆದರಿಕೆ. ಬೇಸಿಗೆಯ ಮಧ್ಯಾಹ್ನ, ಟವಲಿನ ಕೆಳಗೆ ಬೆವರು. ತೋಳು ಎಷ್ಟು ತುರಿಸಿತೆಂದರೆ ಕಣ್ಣಲ್ಲಿ ನೀರು ಬಂತು. ಕೆರೆದುಕೊಂಡರೆ ಕೆಂಪಾಗುತ್ತದೆ, ಕೆಂಪಾದರೆ ಅಜ್ಜಿ ಬಿಡುವವಳಲ್ಲ. ಹಲ್ಲು ಕಚ್ಚಿ ಕೂತೆ. ಅವ್ವ ರೊಟ್ಟಿ-ಶೇಂಗಾ ಚಟ್ನಿ ತಂದು ನನ್ನ ಬಾಯಿಗೆ ತುತ್ತು ಇಟ್ಟಳು. ಅಜ್ಜಿ ಬಾಗಿಲಲ್ಲಿ ಬಂದು ಬಂದು ಇಣುಕಿದಳು. ಅಕ್ಕ ಮಾತ್ರ ಒಳಗೇ ಇದ್ದಳು, ಒಂದು ಸಲವೂ ಬರಲಿಲ್ಲ. ನಾನೂ ಕರೆಯಲಿಲ್ಲ, ನನಗೂ ಸಿಟ್ಟಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಎತ್ತಿನ ಗೆಜ್ಜೆ ಕೇಳಿಸಿತು. ಟಿಕೋಟಾದ ಚಕ್ಕಡಿ ಬಂತು. ಅಪ್ಪ ನನ್ನನ್ನು ಪಡಸಾಲೆಗೆ ಕರೆದು, ಬೆಳಕಿಂಡಿಯ ಕೆಳಗೆ ನಿಲ್ಲಿಸಿದ. ಅಕ್ಕ, ಅವ್ವ, ಅಜ್ಜಿ, ಖಾಲಾ ಎಲ್ಲರೂ ಸುತ್ತ ನಿಂತರು. ಅಪ್ಪ ಟವಲ್ ಬಿಚ್ಚಿದ. ತೋಳಿನ ಮೇಲೆ ಗಾಜಿನ ಬಾಯಿಯ ದುಂಡನೆಯ ಅಚ್ಚು ಬಿದ್ದಿತ್ತು, ಅದರೊಳಗೆ ಚರ್ಮ ಬೆಳಿಗ್ಗೆ ಇದ್ದಂತೆಯೇ ಇತ್ತು. ಒಂದು ಗುಳ್ಳೆ ಇಲ್ಲ, ಒಂದು ಕಲೆ ಇಲ್ಲ. ಅಪ್ಪ ಬೆರಳಾಡಿಸಿ ನೋಡಿದ. ‘ಏನೂ ಇಲ್ಲ’ ಎಂದ.

ಅಷ್ಟರಲ್ಲಿ ಪೈಲ್ವಾನ ಚಂಗನೆ ಹಾರಿದ! ಇಡೀ ದಿನ ಉಪವಾಸವಿದ್ದವನಿಗೆ ಮೂಲೆಯ ತಲೆದಿಂಬಿನ ಮೇಲೆ ಕೂತಿದ್ದ ನೊಣ ಕಂಡಿರಬೇಕು. ನನ್ನ ತೋಳಿನಿಂದ ಹಾಸಿಗೆಯ ಸುರುಳಿಗೆ, ಅಲ್ಲಿಂದ ತಲೆದಿಂಬಿಗೆ. ಖಾಲಾ ಕಿರುಚಿ ಹೊಸ್ತಿಲಾಚೆ ಹೋದಳು. ಅಜ್ಜಿ ಪೊರಕೆ ಎತ್ತಿದಳು. ನಾನು ಓಡಿಹೋಗಿ ತಲೆದಿಂಬಿನ ಮೇಲೆ ಗಾಜು ಕವುಚಿ, ಅದರ ಮೇಲೆ ಕೈಯಿಟ್ಟು ಬಗ್ಗಿ ನೋಡಿದೆ. ಪೈಲ್ವಾನ ನೊಣವನ್ನು ಕಚ್ಚಿಕೊಂಡು ಆರಾಮಾಗಿ ಕೂತಿದ್ದ. ಅವನ ಪಕ್ಕದಲ್ಲಿ ಅಜ್ಜಿ ಬರೆದ ಗುರುತಿತ್ತು. ಎರಡು ಅಡ್ಡಗೆರೆ, ನಡುವೆ ಒಂದು ಚುಕ್ಕೆ.

ನಾನು ತಲೆ ಎತ್ತಿ ಅಕ್ಕನ ಕೆನ್ನೆ ನೋಡಿದೆ. ಬೆಳಿಗ್ಗೆಯಿಂದ ಎಲ್ಲರೂ ಗುಳ್ಳೆ ನೋಡಿದ್ದರು, ಗುಳ್ಳೆ ಹೇಗೆ ಕೂತಿವೆ ಎಂದು ಯಾರೂ ನೋಡಿರಲಿಲ್ಲ. ಎರಡು ಸಾಲು ಗುಳ್ಳೆ, ನಡುವೆ ಒಂದೇ ಒಂದು!

‘ಯಜ್ಜೀ!’ ಎಂದು ಕೂಗಿದೆ. ‘ಅಕ್ಕನ ಗಲ್ಲಾ ನೋಡಬೇ! ನಮ್ಮನಿ ಗುರುತು ಐತಿ! ನನ್ನ ಹುಳಕ್ಕ ನಮ್ಮನಿ ಗುರುತು ಬರಿಯಾಕ ಬರತೈತೇನು?’

ಅಪ್ಪ ಅಕ್ಕನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ, ತಲೆದಿಂಬು ನೋಡಿದ, ಮತ್ತೆ ಕೆನ್ನೆ ನೋಡಿದ. ‘ನೀ ಈ ಹೊಸಾ ದಿಂಬಿನ ಮ್ಯಾಲ ಮಲಗಿದ್ದೇನು?’ ಎಂದು ಕೇಳಿದ. ಅಕ್ಕನ ಕಿವಿ ಕೂಡ ಕೆಂಪಾಯಿತು. ಹೊಸ ಹತ್ತಿಯ ಮೆತ್ತನೆಯ ಆಸೆಗೆ, ಎರಡು ರಾತ್ರಿಯಿಂದ ಎಲ್ಲರೂ ಮಲಗಿದ ಮೇಲೆ ಒಂದು ದಿಂಬು ಎಳೆದುಕೊಂಡು ಮಲಗಿ, ಬೆಳಿಗ್ಗೆ ಯಾರಿಗೂ ಕಾಣದಂತೆ ತಿರುಗಿ ಇಟ್ಟುಬಿಡುತ್ತಿದ್ದಳಂತೆ. ಅಜ್ಜಿ ಬೈದಾಳು ಎಂದು ಬಾಯಿ ಬಿಟ್ಟಿರಲಿಲ್ಲ. ಕೇರಿನ ರಸ ಬಟ್ಟೆಗೆ ಗುರುತು, ಮೆತ್ತನೆಯ ಚರ್ಮಕ್ಕೆ ಬೆಂಕಿ. ಗುರುತು ಹಾಕಿದ ಮೇಲೆ ಸುಣ್ಣ ಸವರಿ, ಒಗೆದು, ಬಿಸಿಲಿಗೆ ಹಾಕಿದ ಮೇಲೆಯೇ ಆ ಬಟ್ಟೆ ಬಳಸುವುದು ಪದ್ಧತಿ. ಈ ಸಲ ಮದುವೆ ಗಡಿಬಿಡಿಯಲ್ಲಿ ನಿಶ್ಚಯವಾಗಿದ್ದರಿಂದ ಅಜ್ಜಿ ಅದನ್ನು ಬಿಟ್ಟಿದ್ದಳು.

ಅಜ್ಜಿ ಪೊರಕೆ ಕೆಳಗಿಟ್ಟಳು. ತಲೆದಿಂಬಿನ ಮೇಲೆ ಬೆರಳಾಡಿಸಿದಳು. ‘ಒಗಿಯಾಕ ಪುರುಸೊತ್ತರ ಎಲ್ಲಿತ್ತವ್ವ...’ ಎಂದು ಯಾರಿಗೋ ಹೇಳುವಂತೆ ಹೇಳಿದಳು. ಅಪ್ಪನಿಗೆ ಇದ್ದಕ್ಕಿದ್ದಂತೆ ನಗು ಬಂತು. ‘ಯವ್ವಾ, ಈ ದಿಂಬು ಟಿಕೋಟಾಕ್ಕ ಹೋಗಿದ್ರ ಏನ ಗತಿ? ಬೆಳಗಾದ್ರ ಗಂಡಿನ ಕಡೆ ಮಂದಿ ಎಲ್ಲಾರೂ ನಮ್ಮನಿ ಗುರುತು ಗಲ್ಲಕ್ಕ ಹೊತ್ಕೊಂಡು ಅಕ್ಕಿಕಾಳು ಹಾಕಾಕ ನಿಂದರ್ತಿದ್ರಲ್ಲ!’ ಎಂದ. ಖಾಲಾ ಹೊಸ್ತಿಲಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಕೊನೆಗೆ ಅಜ್ಜಿಯೂ ನಕ್ಕಳು. ನಗುತ್ತಲೇ ಅಕ್ಕನನ್ನು ಹತ್ತಿರ ಕೂರಿಸಿಕೊಂಡು ಕೆನ್ನೆಗೆ ಕೊಬ್ಬರಿ ಎಣ್ಣೆ ಹಚ್ಚತೊಡಗಿದಳು.

ಚಕ್ಕಡಿಯಲ್ಲಿ ಹೊಸ ದಿಂಬುಗಳ ಬದಲು ನಮ್ಮ ಹಳೆಯ ದಿಂಬುಗಳು ಹೋದವು. ಚಕ್ಕಡಿ ಹೊಡೆಯುವವನಿಗೆ ಇದೇನು ಗದ್ದಲ ಎಂದು ತಿಳಿಯಲಿಲ್ಲ. ಅಪ್ಪ ನನ್ನ ಕೈ ಹಿಡಿದು ಕಟ್ಟೆಯ ಮೇಲೆ ನಿಲ್ಲಿಸಿ, ತೋಳು ಎತ್ತಿ ಓಣಿಗೆಲ್ಲ ತೋರಿಸಿ, ‘ನೋಡ್ರಿ, ನಮ್ಮ ಸಣ್ಣಾಕಿ ಇವತ್ತ ಟಿಕೋಟಾದ ಲಗ್ನ ಉಳಿಸ್ಯಾಳ’ ಎಂದ. ಅಪ್ಪ ಮಕ್ಕಳನ್ನು ಮಂದಿಯ ಮುಂದೆ ಹೊಗಳುವವನೇ ಅಲ್ಲ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಕ್ಕ ಎಣ್ಣೆ ಹಚ್ಚಿದ ಮುಖದಲ್ಲೇ ಹೊರಗೆ ಬಂದು, ನನ್ನ ಪಕ್ಕದಲ್ಲಿ ನಿಂತು, ‘ನಿನ್ನ ಮಾತು ನಂಬಬೇಕಿತ್ತಬೇ’ ಎಂದಳು. ನಾನು ಸ್ವಲ್ಪ ಹೊತ್ತು ಬಿಗುಮಾನ ಮಾಡಿದೆ. ಆಮೇಲೆ ಅವಳ ಸೊಂಟ ಅಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಜ್ಜಿ ಗೂಡಿನ ಮುಂದೆ ನಿಂತಿದ್ದಳು. ಎರಡು ಬೆರಳಲ್ಲಿ ಒಂದು ನೊಣ ಹಿಡಿದು, ಗಾಜಿನ ಬಟ್ಟೆಯನ್ನು ಒಂಚೂರು ಸರಿಸಿ ಒಳಗೆ ಬಿಟ್ಟಳು. ನನ್ನನ್ನು ಕಂಡು, ‘ಉಪಾಸ ಇತ್ತಲ್ಲ ಪಾಪ’ ಎಂದು ಅಡುಗೆಮನೆಗೆ ಹೋದಳು. ಅಕ್ಕನ ಕೆನ್ನೆ ನಿಧಾನವಾಗಿ ಮಾಯಿತು. ಮಳೆ ಶುರುವಾದ ಮೇಲೆ ನಾನು ಪೈಲ್ವಾನನನ್ನು ಅಂಗಡಿಯ ಗೋಡೆಗೆ ಬಿಟ್ಟೆ. ಬೆಲ್ಲ ಕೊಳ್ಳಲು ಬಂದವರಿಗೆ ಅಪ್ಪ, ‘ಅವಾ ನಮ್ಮ ಆಳ ಮನಷ್ಯಾ, ಮುಟ್ಟಬ್ಯಾಡ್ರಿ’ ಎಂದು ಹೇಳುತ್ತಿದ್ದ.

ಈಗ ನಿಮ್ಮನ್ನು ನೋಡುತ್ತೇನೆ, ನನ್ನ ಮೊಮ್ಮಕ್ಕಳೇ. ಸೊಲ್ಲಾಪುರ ರಸ್ತೆಯ ಪಕ್ಕದ ಈ ಮೂರನೆಯ ಮಹಡಿಯ ಮನೆಯಲ್ಲಿ ನೀವು ಸಾಕಿರುವ ಜೇಡಕ್ಕೆ ಗಾಳಿಯಾಡುವ ತೂತುಗಳಿರುವ ಪ್ಲಾಸ್ಟಿಕ್ ಅರಮನೆ ಇದೆ, ನೀರು ಸಿಂಪಡಿಸಲು ಪುಟ್ಟ ಬಾಟಲಿ ಇದೆ. ಅದರ ಜಾತಿ ಯಾವುದು, ಎಷ್ಟು ದಿನಕ್ಕೊಮ್ಮೆ ಪೊರೆ ಬಿಡುತ್ತದೆ ಎಲ್ಲವೂ ನಿಮಗೆ ಗೊತ್ತು. ಫೋನಿನಲ್ಲಿ ಅದರ ಮುಖವನ್ನು ಅಂಗೈ ಅಗಲ ಮಾಡಿ ತೋರಿಸಿದಿರಲ್ಲ, ಅವತ್ತೇ ನಾನು ಅದರ ಎಂಟೂ ಕಣ್ಣನ್ನು ಎಣಿಸಿದ್ದು. ಆದರೆ ಪಾಪ, ನಿಮಗೆ ನೊಣ ಸಿಗುವುದಿಲ್ಲ! ಕಿಟಕಿಗೆಲ್ಲ ಜಾಳಿಗೆ. ಒಂದು ನೊಣಕ್ಕಾಗಿ ಬಬಲೇಶ್ವರದ ಸೋದರಮಾವನ ದನದ ಕೊಟ್ಟಿಗೆಗೆ ಡಬ್ಬಿ ಹಿಡಿದು ಹೋಗುತ್ತೀರಿ. ನಮ್ಮ ಅಪ್ಪ ಇದ್ದಿದ್ದರೆ ಟವಲ್ ಕೆಳಗಿಟ್ಟು ನಗುತ್ತಿದ್ದ.

ಹೋದ ವಾರ ಸಣ್ಣವನ ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದಿತಲ್ಲ, ನೆನಪಿದೆಯೇ? ನಿಮ್ಮವ್ವ ಹುಳ ಕೊಲ್ಲುವ ಸ್ಪ್ರೇ ಹಿಡಿದು ನೇರವಾಗಿ ಜೇಡದ ಡಬ್ಬಿಯ ಹತ್ತಿರ ಬಂದಳು. ನೀವಿಬ್ಬರೂ ಫೋನಿನಲ್ಲಿ ಏನನ್ನೂ ಹುಡುಕಲಿಲ್ಲ. ಓಡಿ ಬಂದು ನನ್ನ ಹಿಂದೆ ನಿಂತಿರಿ. ನಿಮ್ಮವ್ವ ನನ್ನ ಮುಖ ನೋಡಿ, ‘ಅತ್ತಿ, ಇದರದ ಕೆಲಸ ಇರಬೇಕಲ್ರಿ?’ ಎಂದು ಕೇಳಿದಳು. ‘ಅದಲ್ಲಬೇ. ಅದು ಏನೂ ಮಾಡಂಗಿಲ್ಲ’ ಎಂದೆ. ಅಷ್ಟೇ. ನಿಮ್ಮವ್ವ ಸ್ಪ್ರೇಯನ್ನು ಕಪಾಟಿನ ಮೇಲಿಟ್ಟು, ಸಣ್ಣವನ ಹೊಸ ಅಂಗಿಯ ಕಾಲರು ತಿರುವಿ ನೋಡತೊಡಗಿದಳು. ಈ ಮನೆಯಲ್ಲಿ ನನ್ನ ಒಂದು ಮಾತಿಗೆ ಅಷ್ಟು ತೂಕ ಇದೆಯಲ್ಲ ಎಂದು ನನಗೆ ಎಷ್ಟು ಹೆಮ್ಮೆಯಾಯಿತೋ, ನಿಮಗೆ ಹೇಳಲೇ ಇಲ್ಲ. ನಾನು ಆಗಲೇ ಸೆರಗು ಸರಿಸಿ ತೋಳು ಮುಂದೆ ಮಾಡಿಕೊಂಡು ನಿಂತಿದ್ದೆ. ಯಾರೂ ಪರೀಕ್ಷೆ ಕೇಳಲೇ ಇಲ್ಲ.